ರಿಸೀವರ್ ಪೇರ್ ಆಗಿದೆ, ಮ್ಯಾಪ್ ಮಾತ್ರ ಹಾಗೇ ಇದೆ: ಹೊರಗಿನ ಜಿಪಿಎಸ್ ಅನ್ನು ಮೊಬೈಲ್ ಆ್ಯಪ್‌ಗೆ ಜೋಡಿಸುವ ಕ್ರಮ

ಓದುಗರು ಕೇಳುತ್ತಲೇ ಇರುವ ಪ್ರಶ್ನೆ ಇದು: "ಹೊರಗಿನ ಜಿಪಿಎಸ್ ರಿಸೀವರ್ ಕೊಂಡೆ, ಬ್ಲೂಟೂತ್‌ನಲ್ಲಿ ಪೇರ್ ಕೂಡ ಆಯ್ತು. ಆದರೆ ಮ್ಯಾಪಿನಲ್ಲಿ ನನ್ನ ಚುಕ್ಕೆ ಮೊದಲಿನಂತೆಯೇ ನಾಲ್ಕೈದು ಮೀಟರ್ ಆಚೀಚೆ ಅಲೆಯುತ್ತಿದೆ. ರಿಸೀವರ್ ಕೆಟ್ಟಿದೆಯೇ?"

ಬಹುಪಾಲು ಸಂದರ್ಭಗಳಲ್ಲಿ ರಿಸೀವರ್ ಚೆನ್ನಾಗಿಯೇ ಇರುತ್ತದೆ. ಅದು ಕಳಿಸುತ್ತಿರುವುದನ್ನು ಆ್ಯಪ್ ಓದುತ್ತಿರುವುದಿಲ್ಲ. ಫೋನಿನೊಳಗೂ ಒಂದು ಜಿಪಿಎಸ್ ಇದೆಯಲ್ಲ, ಚುಕ್ಕೆ ಹೇಗಿದ್ದರೂ ಕಾಣುತ್ತದೆ. ಹಾಗಾಗಿ ಜೋಡಣೆ ತಪ್ಪಿದರೂ ಪರದೆ ಅದನ್ನು ಹೇಳುವುದಿಲ್ಲ. ದಿನವಿಡೀ ಬಿಸಿಲಲ್ಲಿ ನಿಂತು ನೂರಾರು ಬಿಂದು ಗುರುತಿಸಿ, ಕೊನೆಗೆ ಅವೆಲ್ಲ ಫೋನಿನ ಲೆಕ್ಕ ಎಂದು ತಿಳಿದರೆ ಆ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಆದ್ದರಿಂದ ಮುಂದಿನ ಎಲ್ಲ ಹಂತಗಳಲ್ಲೂ ಒಂದೇ ಪ್ರಶ್ನೆ ತಲೆಯಲ್ಲಿರಲಿ: ಈ ಚುಕ್ಕೆ ಕೊಟ್ಟಿದ್ದು ಫೋನೋ, ರಿಸೀವರೋ?

ಶುರು ಮಾಡುವ ಮುಂಚೆ

ನಿಮಗೆ ಇದು ನಿಜಕ್ಕೂ ಬೇಕೇ ಎಂದು ನೋಡಿಕೊಳ್ಳಿ. ತೆರೆದ ಬಯಲಿನಲ್ಲಿ ಫೋನ್ ತಾನಾಗಿಯೇ ಸುಮಾರು 5 ಮೀಟರ್ ಒಳಗಿನ ಸ್ಥಾನ ಕೊಡುತ್ತದೆ. ದಾರಿ ಹುಡುಕಲು, ಚಾರಣದ ಜಾಡು ಉಳಿಸಿಕೊಳ್ಳಲು ಅಷ್ಟು ಸಾಕು.

ಹೊರಗಿನ ರಿಸೀವರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಗಾರ್ಮಿನ್ ಗ್ಲೋ 2 ಥರದ ಅಂಗೈಯಗಲದ ಡಬ್ಬಿ. ಇದರ ನಿಖರತೆ ಸುಮಾರು 3 ಮೀಟರ್. ಸೆಕೆಂಡಿಗೆ 10 ಸಲ ಸ್ಥಾನ ಕೊಡುತ್ತದೆ. ವಾಹನದಲ್ಲಿ ಓಡಾಡುವವರಿಗೆ, ಒಳಗೆ ಜಿಪಿಎಸ್ಸೇ ಇಲ್ಲದ ವೈಫೈ ಟ್ಯಾಬ್ಲೆಟ್ ಇರುವವರಿಗೆ ಇದು ಒಳ್ಳೆಯದು. ಇನ್ನೊಂದು, ಯು-ಬ್ಲಾಕ್ಸ್ ಝಡ್‌ಇಡಿ-ಎಫ್9ಪಿ ಚಿಪ್ ಇರುವ ಸಾಧನಗಳು, ಎಮ್ಲಿಡ್ ರೀಚ್ ಆರ್‌ಎಸ್2 ಮುಂತಾದ ಆರ್‌ಟಿಕೆ ರಿಸೀವರ್‌ಗಳು. ಆರ್‌ಟಿಕೆ ಎಂದರೆ, ಗೊತ್ತಿರುವ ಜಾಗದಲ್ಲಿ ಕೂತ ಇನ್ನೊಂದು ರಿಸೀವರ್‌ನಿಂದ ಆ ಕ್ಷಣದಲ್ಲೇ ತಿದ್ದುಪಡಿ ಪಡೆದು ಸೆಂಟಿಮೀಟರ್ ಮಟ್ಟಕ್ಕೆ ಇಳಿಯುವ ವಿಧಾನ. ತಿದ್ದುಪಡಿ ಬರದಿದ್ದರೆ ಇದೂ ಒಂದೆರಡು ಮೀಟರಿನ ಸಾಧನವೇ.

ಕೈಯಲ್ಲಿ ಇರಬೇಕಾದವು: ಚಾರ್ಜ್ ತುಂಬಿದ ರಿಸೀವರ್, ಅದರ ಕೈಪಿಡಿ, ಫೋನ್, ಡೇಟಾ ಹಾಯುವ ಯುಎಸ್‌ಬಿ ಕೇಬಲ್ ಒಂದು, ಮತ್ತು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ. ಹಾಳೆ ಯಾಕೆ ಎಂಬುದು ಹಂತ 6ರಲ್ಲಿ ಬರುತ್ತದೆ.

ಹಂತ 1: ರಿಸೀವರ್ ಯಾವ ದಾರಿಯಲ್ಲಿ ಮಾತಾಡುತ್ತದೆ ಎಂದು ತಿಳಿಯಿರಿ

ಕೈಪಿಡಿಯಲ್ಲಿ ಇದನ್ನು ಹುಡುಕದೆ ಮುಂದೆ ಹೋಗಬೇಡಿ. ದಾರಿಗಳು ನಾಲ್ಕು.

ಬ್ಲೂಟೂತ್ ಕ್ಲಾಸಿಕ್, ಅದರಲ್ಲೂ ಎಸ್‌ಪಿಪಿ ಎಂಬ ಬಗೆ. ಹಳೆಯ ಸೀರಿಯಲ್ ಕೇಬಲನ್ನು ಗಾಳಿಯಲ್ಲಿ ಎಳೆದಂತೆ ಇದು. ಆಂಡ್ರಾಯ್ಡ್‌ನಲ್ಲಿ ಅತ್ಯಂತ ಸಲೀಸು. ಐಫೋನ್‌ನಲ್ಲಿ ಮಾತ್ರ ಆ್ಯಪಲ್‌ನ ಎಂಎಫ್‌ಐ ಪರವಾನಗಿ ಪಡೆದ ರಿಸೀವರ್ ಆಗಿದ್ದರಷ್ಟೇ ನಡೆಯುತ್ತದೆ. ಪರವಾನಗಿ ಇಲ್ಲದ ಎಸ್‌ಪಿಪಿ ರಿಸೀವರನ್ನು ಐಫೋನಿಗೆ ಜೋಡಿಸುವ ಯಾವ ಸೆಟ್ಟಿಂಗೂ ಇಲ್ಲ, ಹುಡುಕುತ್ತ ಸಮಯ ಕಳೆಯಬೇಡಿ.

ಬ್ಲೂಟೂತ್ ಲೋ ಎನರ್ಜಿ, ಅಂದರೆ ಬಿಎಲ್‌ಇ. ಇದಕ್ಕೆ ಐಫೋನ್‌ನಲ್ಲೂ ಅಡ್ಡಿಯಿಲ್ಲ. ಆದರೆ ಆ ರಿಸೀವರನ್ನು ಬಲ್ಲ ಆ್ಯಪ್‌ನೊಳಗೆ ಮಾತ್ರ ಸ್ಥಾನ ಸಿಗುತ್ತದೆ, ಬೇರೆ ಆ್ಯಪ್‌ಗಳಿಗೆ ಹರಿಯುವುದಿಲ್ಲ. ಎಂಎಫ್‌ಐ ರಿಸೀವರ್ ಆದರೆ ಇಡೀ ಐಫೋನಿಗೇ ಸ್ಥಾನ ಕೊಡುತ್ತದೆ. ಕೊಳ್ಳುವ ಮುಂಚೆ ತಿಳಿದಿರಬೇಕಾದ ವ್ಯತ್ಯಾಸ ಇದು.

ಯುಎಸ್‌ಬಿ. ಆಂಡ್ರಾಯ್ಡ್ ಫೋನಿಗೆ ಒಟಿಜಿ ಸೌಲಭ್ಯ ಬೇಕು, ಅಂದರೆ ಬೇರೆ ಸಾಧನಕ್ಕೆ ಫೋನೇ ಯಜಮಾನನಾಗಿ ನಿಲ್ಲುವ ಸಾಮರ್ಥ್ಯ. ಕೆಲವು ಫೋನುಗಳಲ್ಲಿ ಒಟಿಜಿಗೆ ಪ್ರತ್ಯೇಕ ಸ್ವಿಚ್ ಇದ್ದು, ಹತ್ತು ನಿಮಿಷ ಬಳಸದಿದ್ದರೆ ತಾನಾಗಿ ಆಫ್ ಆಗುತ್ತದೆ. ಚಾರ್ಜ್‌ಗೆಂದೇ ಮಾಡಿದ ಕೇಬಲ್‌ನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ರಿಸೀವರ್ ದೀಪ ಉರಿಯುತ್ತದೆ, ಫೋನಿಗೆ ಏನೂ ಕಾಣುವುದಿಲ್ಲ. ಯುಎಸ್‌ಬಿ ಕೆಲಸ ಮಾಡದಿದ್ದಾಗ ಮೊದಲು ಬದಲಾಯಿಸಬೇಕಾದ್ದು ಕೇಬಲ್.

ವೈಫೈ. ರಿಸೀವರ್ ಟಿಸಿಪಿ ಅಥವಾ ಯುಡಿಪಿ ಎಂಬ ನೆಟ್‌ವರ್ಕ್ ವಿಧಾನದಲ್ಲಿ ಒಂದು ಪೋರ್ಟ್‌ಗೆ, ಅಂದರೆ ಸಂಖ್ಯೆಯಿಂದ ಗುರುತಿಸುವ ಬಾಗಿಲಿಗೆ, ಮಾಹಿತಿ ಹರಿಸುತ್ತದೆ. ಇಲ್ಲೊಂದು ಹಳ್ಳವಿದೆ: ಫೋನ್ ಹೋಗಿ ರಿಸೀವರ್‌ನ ಹಾಟ್‌ಸ್ಪಾಟ್‌ಗೆ ಸೇರಿಕೊಂಡರೆ ಇಂಟರ್‌ನೆಟ್ ತಪ್ಪಿ, ಆರ್‌ಟಿಕೆ ತಿದ್ದುಪಡಿ ನಿಲ್ಲಬಹುದು. ಫೋನಿನಲ್ಲಿ ಹಾಟ್‌ಸ್ಪಾಟ್ ತೆರೆದು ರಿಸೀವರನ್ನೇ ಅದಕ್ಕೆ ಸೇರಿಸಿ.

ನಾಲ್ಕರಲ್ಲಿ ಯಾವುದನ್ನು ಆರಿಸಬೇಕು? ಆಂಡ್ರಾಯ್ಡ್ ಇದ್ದರೆ ಬ್ಲೂಟೂತ್ ಕ್ಲಾಸಿಕ್‌ನಿಂದಲೇ ಶುರು ಮಾಡಿ. ಹೊಲ, ಗದ್ದೆ, ರಸ್ತೆ ಬದಿಯಲ್ಲಿ ಓಡಾಡುವಾಗ ಕೇಬಲ್ ಸಿಕ್ಕಿಕೊಂಡು ಕಿತ್ತುಬರುವ ತಾಪತ್ರಯ ಇರುವುದಿಲ್ಲ.

ಹಂತ 2: ಫೋನ್ ಮುಟ್ಟುವ ಮುಂಚೆ ರಿಸೀವರ್‌ಗೆ ಆಕಾಶ ತೋರಿಸಿ

ಫೋನ್ ಹೊರಗೆ ಬಂದ ಕೂಡಲೇ ಸ್ಥಾನ ಹಿಡಿಯುವುದು ಇಂಟರ್‌ನೆಟ್‌ನಿಂದ ಉಪಗ್ರಹಗಳ ಮಾಹಿತಿ ಪಡೆಯುವ ಕಾರಣ. ಹೊರಗಿನ ರಿಸೀವರ್ ಅದನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಪ್ರತಿ ಜಿಪಿಎಸ್ ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ನಡುವೆ ಸಂಕೇತ ಮುರಿದರೆ ಮತ್ತೆ ಕಾಯಬೇಕು. ಹಾಗಾಗಿ ತೆರೆದ ಜಾಗದಲ್ಲಿ ಅಲುಗಾಡಿಸದೆ ಎರಡು ಮೂರು ನಿಮಿಷ ಇಡಿ. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದ ಹಳೆಯ ರಿಸೀವರ್ ಆದರೆ ಕಾಲು ಗಂಟೆ ಬಿಡಿ. ಎಲ್ಲ ಉಪಗ್ರಹಗಳ ಒಟ್ಟು ಪಟ್ಟಿ ಪೂರ್ತಿಯಾಗಿ ಇಳಿಯಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ.

ಆಂಟೆನಾ ಬೇರೆಯಾಗಿ ಇರುವ ಮಾದರಿಗಳಲ್ಲಿ ಆಂಟೆನಾವನ್ನು ಮೊದಲು ಸಿಕ್ಕಿಸಿ, ಆಮೇಲೆ ಪವರ್ ಕೊಡಿ. ಚಪ್ಪಟೆ ಆಂಟೆನಾದ ಅಡಿಗೆ ಕನಿಷ್ಠ 10 ಸೆಂ.ಮೀ. ಅಗಲದ ಲೋಹದ ತಟ್ಟೆ ಇಟ್ಟರೆ ನೆಲದಿಂದ ಪುಟಿದು ಬರುವ ಸಂಕೇತಗಳು ಕಡಿಮೆಯಾಗುತ್ತವೆ. ಜೇಬಿನಲ್ಲಿ, ಸೊಂಟದ ಬೆಲ್ಟ್‌ನಲ್ಲಿ ಇಡಬೇಡಿ. ಸುಮಾರು 20,200 ಕಿ.ಮೀ. ಮೇಲಿನಿಂದ ಬರುವ ಆ ಸಂಕೇತ ನೆಲ ಮುಟ್ಟುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ. ನೀರು ತುಂಬಿದ ನಮ್ಮ ಮೈ ಅರ್ಧ ಆಕಾಶವನ್ನೇ ಮರೆಮಾಡುತ್ತದೆ. ತಲೆಗಿಂತ ಎತ್ತರದಲ್ಲಿ, ಕೋಲಿನ ತುದಿಯಲ್ಲೋ ಬೆನ್ನುಚೀಲದ ಮೇಲ್ಭಾಗದಲ್ಲೋ ಇರಲಿ.

ಹಂತ 3: ಪೇರ್ ಮಾಡುವುದು

ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಹೊಸ ಸಾಧನ ಹುಡುಕಿ, ರಿಸೀವರ್ ಹೆಸರು ಒತ್ತಿ. ಪಿನ್ ಕೇಳಿದರೆ 0000 ಅಥವಾ 1234 ಪ್ರಯತ್ನಿಸಿ. ಎರಡೂ ಆಗದಿದ್ದರೆ ಕೈಪಿಡಿ ನೋಡಿ.

ಪೇರ್ ಆದಮೇಲೆ ಹೆಸರಿನ ಕೆಳಗೆ "ಕನೆಕ್ಟೆಡ್" ಎಂದು ಬರುವುದಿಲ್ಲ, ಅಥವಾ ಒಂದು ಕ್ಷಣ ಬಂದು ಹೋಗುತ್ತದೆ. ಇದು ದೋಷವಲ್ಲ. ಎಸ್‌ಪಿಪಿಯಲ್ಲಿ ಪೇರ್ ಮಾಡುವುದು ಪರಿಚಯ ಮಾಡಿಸುವುದಷ್ಟೇ. ನಿಜವಾದ ಸಂಪರ್ಕವನ್ನು ತೆರೆಯುವುದು ಆ್ಯಪ್. ಎಷ್ಟೋ ಜನ ಇಲ್ಲೇ ನಿಂತು ಹತ್ತಾರು ಸಲ ಅಳಿಸಿ ಮತ್ತೆ ಪೇರ್ ಮಾಡುತ್ತ ಕೂರುತ್ತಾರೆ. ಒಮ್ಮೆ ಪೇರ್ ಆದರೆ ಸೆಟ್ಟಿಂಗ್ಸ್ ಮುಚ್ಚಿ ಮುಂದೆ ಸಾಗಿ. ಬಿಎಲ್‌ಇ ರಿಸೀವರ್ ಆದರೆ ಸಾಮಾನ್ಯವಾಗಿ ಇಲ್ಲಿ ಪೇರ್ ಮಾಡುವ ಅಗತ್ಯವೂ ಇಲ್ಲ, ಆ್ಯಪ್‌ನೊಳಗಿನಿಂದಲೇ ಹುಡುಕಿ.

ಎಸ್‌ಪಿಪಿ ರಿಸೀವರ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಬ್ಬರ ಜೊತೆ ಮಾತ್ರ ಮಾತಾಡುತ್ತದೆ. ಜೊತೆಯವರ ಫೋನೋ, ನಿಮ್ಮದೇ ಫೋನಿನ ಇನ್ನೊಂದು ಆ್ಯಪ್ಪೋ ಅದನ್ನು ಹಿಡಿದುಕೊಂಡಿದ್ದರೆ ನಿಮಗೆ ಸಿಗುವುದಿಲ್ಲ.

ಹಂತ 4: ಮಾಹಿತಿಯನ್ನು ಮ್ಯಾಪ್ ಆ್ಯಪ್‌ವರೆಗೆ ತಲುಪಿಸುವುದು

ಮೇಲೆ ಹೇಳಿದ ಪ್ರಶ್ನೆಯ ಬೇರು ಇರುವುದು ಇಲ್ಲೇ. ಎರಡು ಮಾರ್ಗಗಳಿವೆ.

ಮೊದಲನೆಯದು ನೇರ ಮಾರ್ಗ. ಕ್ಯೂಫೀಲ್ಡ್, ಎಸ್‌ಡಬ್ಲ್ಯು ಮ್ಯಾಪ್ಸ್ ಥರದ ಸರ್ವೆ ಆ್ಯಪ್‌ಗಳು ರಿಸೀವರನ್ನು ತಾವೇ ಓದುತ್ತವೆ. ಕ್ಯೂಫೀಲ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಪೊಸಿಶನಿಂಗ್ ಭಾಗಕ್ಕೆ ಹೋಗಿ ಹೊಸ ಸಾಧನ ಸೇರಿಸಿ, ಆಮೇಲೆ ಅದನ್ನೇ ಆರಿಸಿ. ಎಸ್‌ಡಬ್ಲ್ಯು ಮ್ಯಾಪ್ಸ್‌ನಲ್ಲಿ ಮುಖ್ಯ ಮೆನುವಿನಲ್ಲೇ ಬ್ಲೂಟೂತ್ ಜಿಎನ್‌ಎಸ್‌ಎಸ್ ಎಂಬ ಆಯ್ಕೆ ಇದೆ. ಜಿಎನ್‌ಎಸ್‌ಎಸ್ ಎಂಬುದು ಜಿಪಿಎಸ್, ಗ್ಲೋನಾಸ್, ಗೆಲಿಲಿಯೋ, ಬೈಡೂ ಎಲ್ಲವನ್ನೂ ಸೇರಿಸಿ ಹೇಳುವ ಹೆಸರು. ನಿಮ್ಮ ಆ್ಯಪ್‌ನಲ್ಲಿ ಇಂಥ ಆಯ್ಕೆ ಇದ್ದರೆ ಇನ್ನೊಂದು ಮಾರ್ಗದ ಕಡೆ ನೋಡಲೇಬೇಡಿ. ಸ್ಥಾನದ ಜೊತೆಗೆ ಅದರ ಗುಣಮಟ್ಟ, ಉಪಗ್ರಹಗಳ ಎಣಿಕೆ, ತಿದ್ದುಪಡಿಯ ಸ್ಥಿತಿ ಇವೆಲ್ಲ ದಾಖಲಾಗುವುದು ನೇರ ಮಾರ್ಗದಲ್ಲೇ.

ಎರಡನೆಯದು ಮಧ್ಯವರ್ತಿ ಆ್ಯಪ್ ಮೂಲಕ, ಆಂಡ್ರಾಯ್ಡ್‌ನಲ್ಲಿ ಮಾತ್ರ. ಗೂಗಲ್ ಮ್ಯಾಪ್ಸ್‌ನಂಥವು ಸ್ಥಾನವನ್ನು ಆಂಡ್ರಾಯ್ಡ್‌ನಿಂದಲೇ ಕೇಳುತ್ತವೆ, ರಿಸೀವರ್ ಇದೆ ಎಂಬುದೇ ಅವಕ್ಕೆ ತಿಳಿಯದು. ಆಗ ಬ್ಲೂಟೂತ್ ಜಿಎನ್‌ಎಸ್‌ಎಸ್, ಜಿಎನ್‌ಎಸ್‌ಎಸ್ ಮಾಸ್ಟರ್, ಲೆಫೆಬ್ಯೂರ್ ಎನ್‌ಟ್ರಿಪ್ ಕ್ಲೈಂಟ್ ಇವುಗಳಲ್ಲಿ ಒಂದನ್ನು ಹಾಕಿಕೊಂಡು, ಅದು ಓದಿದ ಸ್ಥಾನವನ್ನೇ ಫೋನಿನ ಸ್ಥಾನವೆಂದು ಆಂಡ್ರಾಯ್ಡ್‌ಗೆ ಒಪ್ಪಿಸಬೇಕು. ಇದಕ್ಕೆ ಮಾಕ್ ಲೊಕೇಶನ್ ಎನ್ನುತ್ತಾರೆ.

ಕ್ರಮ ಹೀಗೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ತೆರೆದು ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ. ಕೆಲವು ಫೋನುಗಳಲ್ಲಿ ಇದು ಸಾಫ್ಟ್‌ವೇರ್ ಮಾಹಿತಿಯ ಒಳಗಿರುತ್ತದೆ. ಡೆವಲಪರ್ ಆಪ್ಷನ್ಸ್ ಎಂಬ ಹೊಸ ಮೆನು ತೆರೆದುಕೊಳ್ಳುತ್ತದೆ. ಅದರಲ್ಲಿ "ಸೆಲೆಕ್ಟ್ ಮಾಕ್ ಲೊಕೇಶನ್ ಆ್ಯಪ್" ಒತ್ತಿ ಮಧ್ಯವರ್ತಿ ಆ್ಯಪನ್ನು ಆರಿಸಿ. ಅಲ್ಲಿನ ಬೇರೆ ಯಾವುದನ್ನೂ ಮುಟ್ಟಬೇಡಿ. ಆಮೇಲೆ ಮಧ್ಯವರ್ತಿ ಆ್ಯಪ್‌ಗೆ ಹೋಗಿ ರಿಸೀವರ್ ಆರಿಸಿ, ಮಾಕ್ ಲೊಕೇಶನ್ ಸ್ವಿಚ್ ಆನ್ ಮಾಡಿ, ಕನೆಕ್ಟ್ ಒತ್ತಿ.

ಇಲ್ಲಿ ಕೈಕೊಡುವ ಸಂಗತಿಗಳು ಹಲವು:

ಅನುಮತಿಗಳು. ಆಂಡ್ರಾಯ್ಡ್ 12ರಿಂದ "ನಿಯರ್‌ಬೈ ಡಿವೈಸಸ್" ಎಂಬ ಪ್ರತ್ಯೇಕ ಅನುಮತಿ ಇದೆ. ಅದಿಲ್ಲದಿದ್ದರೆ ಪೇರ್ ಆದ ರಿಸೀವರ್ ಕೂಡ ಪಟ್ಟಿಯಲ್ಲಿ ಕಾಣದು. ಲೊಕೇಶನ್ ಅನುಮತಿಯೂ ಬೇಕು, ಫೋನಿನ ಲೊಕೇಶನ್ ಆನ್ ಇರಬೇಕು.

ಚುಕ್ಕೆ ಎರಡು ಜಾಗಗಳ ನಡುವೆ ಹಾರಾಡುವುದು. ಆಂಡ್ರಾಯ್ಡ್ ವೈಫೈ ಮತ್ತು ಮೊಬೈಲ್ ಟವರ್‌ಗಳ ಅಂದಾಜನ್ನೂ ಬೆರೆಸುತ್ತಿರುತ್ತದೆ. ಲೊಕೇಶನ್ ಸೆಟ್ಟಿಂಗ್ಸ್ ಒಳಗಿನ "ಲೊಕೇಶನ್ ಅಕ್ಯುರಸಿ" ಆಫ್ ಮಾಡಿ.

ಬ್ಯಾಟರಿ ಉಳಿಸುವ ವ್ಯವಸ್ಥೆ. ಎಲ್ಲಕ್ಕಿಂತ ಅಪಾಯಕಾರಿ ಇದೇ. ಪರದೆ ಆರಿದಾಗ ಮಧ್ಯವರ್ತಿ ಆ್ಯಪನ್ನು ಫೋನ್ ನಿಲ್ಲಿಸಿಬಿಡುತ್ತದೆ. ಕೂಡಲೇ ಫೋನಿನ ಸ್ವಂತ ಜಿಪಿಎಸ್ ಆ ಜಾಗಕ್ಕೆ ಬರುತ್ತದೆ, ಮ್ಯಾಪ್ ಆ್ಯಪ್ ಯಾವ ಎಚ್ಚರಿಕೆಯನ್ನೂ ಕೊಡದೆ ಅದನ್ನೇ ಬರೆದುಕೊಳ್ಳುತ್ತದೆ. ಎರಡೂ ಆ್ಯಪ್‌ಗಳ ಬ್ಯಾಟರಿ ಆಯ್ಕೆಯನ್ನು "ಅನ್‌ರಿಸ್ಟ್ರಿಕ್ಟೆಡ್" ಮಾಡಿ.

ನಿಖರತೆಯ ವೃತ್ತ. ಮಾಕ್ ಲೊಕೇಶನ್‌ನಲ್ಲಿ ಮ್ಯಾಪ್ ತೋರಿಸುವ "2.5 ಮೀಟರ್" ಮಧ್ಯವರ್ತಿ ಆ್ಯಪ್ ಕೊಟ್ಟ ಲೆಕ್ಕ. ಕೆಲವು ಆ್ಯಪ್‌ಗಳು ಎಚ್‌ಡಿಒಪಿಯನ್ನು, ಅಂದರೆ ಉಪಗ್ರಹಗಳು ಆಕಾಶದಲ್ಲಿ ಎಷ್ಟು ಚೆನ್ನಾಗಿ ಹರಡಿಕೊಂಡಿವೆ ಎಂಬ ಅಳತೆಯನ್ನು, ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿ ಅದನ್ನು ಕೊಡುತ್ತವೆ. ಅದನ್ನು ಅಂದಾಜೆಂದೇ ತಿಳಿಯಿರಿ.

ಹಂತ 5: ರಿಸೀವರ್ ಹೇಳುವುದನ್ನು ಕಣ್ಣಾರೆ ನೋಡಿ

ಸರ್ವೆ ಆ್ಯಪ್‌ಗಳಲ್ಲಿ, ಮಧ್ಯವರ್ತಿ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಎನ್‌ಎಂಇಎ ಎಂಬ ಹೆಸರಿನ ಪರದೆ ಇರುತ್ತದೆ. ಎನ್‌ಎಂಇಎ 0183 ಎಂಬುದು ರಿಸೀವರ್‌ಗಳ ಸಾಮಾನ್ಯ ಭಾಷೆ. ಪ್ರತಿ ಸಾಲೂ ಡಾಲರ್ ಚಿಹ್ನೆಯಿಂದ ಶುರುವಾಗುತ್ತದೆ. ನಿಮಗೆ ಮುಖ್ಯವಾದದ್ದು ಜಿಜಿಎ ಸಾಲು. ಪರದೆಯಲ್ಲಿ ರೋಮನ್ ಅಕ್ಷರದಲ್ಲಿ ಕಾಣುವ ಅದನ್ನು ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

$ಜಿಎನ್‌ಜಿಜಿಎ,063015.00,4530.00000,ಎನ್,00915.00000,ಇ,4,17,0.7,118.30,ಎಂ,43.60,ಎಂ,1.0,0000

ಮೊದಲ ಸಂಖ್ಯೆ ಸಮಯ, ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ: 6 ಗಂಟೆ 30 ನಿಮಿಷ 15 ಸೆಕೆಂಡ್. ನಂತರದ್ದು ಅಕ್ಷಾಂಶ. 4530 ಎಂದರೆ 45 ಡಿಗ್ರಿ 30 ನಿಮಿಷ, ದಶಮಾಂಶದಲ್ಲಿ 45.5 ಡಿಗ್ರಿ. ಇದನ್ನು 45.30 ಎಂದು ಓದಿ ಮ್ಯಾಪ್‌ಗೆ ಹಾಕಿದರೆ ಸುಮಾರು 22 ಕಿ.ಮೀ. ತಪ್ಪುತ್ತದೆ. ರೇಖಾಂಶಕ್ಕೂ ಇದೇ ನಿಯಮ. "ಇ" ಆದಮೇಲೆ ಬರುವ ಒಂಟಿ ಅಂಕಿಯೇ ಗುಣಮಟ್ಟ: 0 ಎಂದರೆ ಸ್ಥಾನ ಸಿಕ್ಕಿಲ್ಲ, 1 ಸಾಮಾನ್ಯ, 2 ಉಪಗ್ರಹ ಅಥವಾ ನೆಲದ ಕೇಂದ್ರದ ತಿದ್ದುಪಡಿ ಸಿಕ್ಕಿದೆ, 5 ಆರ್‌ಟಿಕೆ ಅರ್ಧ ಕೂತಿದೆ, 4 ಪೂರ್ತಿ ಕೂತಿದೆ. ನಾಲ್ಕಕ್ಕಿಂತ ಐದು ಕೆಳಗಿನ ದರ್ಜೆ ಎಂಬುದನ್ನು ಮರೆಯಬೇಡಿ. ಮುಂದೆ 17 ಉಪಗ್ರಹಗಳು, ಎಚ್‌ಡಿಒಪಿ 0.7, ಎತ್ತರ 118.30 ಮೀಟರ್. 43.60 ಏನೆಂದು ಹಂತ 8ರಲ್ಲಿ ಹೇಳಿದೆ. ಕೊನೆಯಿಂದ ಎರಡನೆಯದಾದ 1.0 ತಿದ್ದುಪಡಿ ಬಂದು ಎಷ್ಟು ಸೆಕೆಂಡಾಯ್ತು ಎಂಬುದು.

ಸಾಲುಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಸುರಿಯುತ್ತಿದ್ದರೆ ಬಾಡ್ ರೇಟ್, ಅಂದರೆ ಸೀರಿಯಲ್ ತಂತಿಯ ವೇಗ, ಹೊಂದುತ್ತಿಲ್ಲ. 4800, 9600, 38400, 115200 ಒಂದೊಂದಾಗಿ ಪ್ರಯತ್ನಿಸಿ. ವೇಗ ಸರಿಯಿದ್ದೂ ಹಾಗೇ ಇದ್ದರೆ ರಿಸೀವರ್ ತನ್ನ ಕಂಪನಿಯ ಸ್ವಂತ ಬೈನರಿ ರೂಪದಲ್ಲಿ ಕಳಿಸುತ್ತಿದೆ. ಕಂಪನಿಯ ಸಾಫ್ಟ್‌ವೇರಿನಿಂದ ಎನ್‌ಎಂಇಎಗೆ ಬದಲಿಸಬೇಕು.

ಇನ್ನೊಂದು ತೊಂದರೆ ಸುಲಭವಾಗಿ ಕಣ್ಣಿಗೆ ಬೀಳದು: ನೀವು ನಿಂತ ಮೇಲೂ ಚುಕ್ಕೆ ನಡೆಯುತ್ತಲೇ ಇರುತ್ತದೆ. ಕಾರಣ ಸರಳ ಲೆಕ್ಕ. 9600 ವೇಗದಲ್ಲಿ ಒಂದು ಅಕ್ಷರಕ್ಕೆ 10 ಬಿಟ್ ಹಿಡಿದರೆ ಸೆಕೆಂಡಿಗೆ 960 ಅಕ್ಷರ ಹಾಯುತ್ತವೆ. ಉಪಗ್ರಹಗಳ ಪಟ್ಟಿ ಕೊಡುವ ಜಿಎಸ್‌ವಿ ಸಾಲಿನಲ್ಲಿ ನಾಲ್ಕೇ ಉಪಗ್ರಹ ಹಿಡಿಸುವುದರಿಂದ, ಮೂವತ್ತು ಉಪಗ್ರಹ ಕಾಣುವ ರಿಸೀವರ್‌ಗೆ ಒಂಬತ್ತು ಹತ್ತು ಸಾಲು ಬೇಕು, ಸುಮಾರು 600 ಅಕ್ಷರ. ಉಳಿದ ಸಾಲುಗಳು ಸೇರಿದರೆ ಸೆಕೆಂಡಿಗೆ ಒಂದೇ ಸಲ ಕಳಿಸಿದರೂ ತಂತಿ ತುಂಬಿಹೋಗುತ್ತದೆ. ಹಳೆಯ ಸಾಲುಗಳು ಸರದಿಯಲ್ಲಿ ನಿಂತು ತಡವಾಗಿ ಬರುತ್ತವೆ, ಕೆಲವು ಅರ್ಧಕ್ಕೆ ತುಂಡಾಗುತ್ತವೆ. ವೇಗವನ್ನು 115200ಕ್ಕೆ ಏರಿಸಿ, ಜಿಎಸ್‌ವಿಯನ್ನು ಐದು ಸೆಕೆಂಡಿಗೊಮ್ಮೆ ಮಾಡಿ. ನಡೆಯುತ್ತ ಗುರುತಿಸುವವರಿಗೆ ಸೆಕೆಂಡಿಗೆ 1 ಸಲ ಸಾಕು. 10 ಸಲ ಎಂದು ಇಟ್ಟರೆ ನಿಖರತೆ ಹೆಚ್ಚುವುದಿಲ್ಲ.

ಹಂತ 6: ಅಲ್ಯೂಮಿನಿಯಂ ಹಾಳೆಯ ಪರೀಕ್ಷೆ

ಮ್ಯಾಪ್ ಆ್ಯಪ್ ತೆರೆದು ಬಯಲಲ್ಲಿ ನಿಂತುಕೊಳ್ಳಿ. ಫೋನನ್ನು ಹಾಗೇ ಬಿಟ್ಟು, ರಿಸೀವರ್‌ನ ಆಂಟೆನಾವನ್ನು ಮಾತ್ರ ಹಾಳೆಯಿಂದ ಎರಡು ಮೂರು ಸುತ್ತು ಪೂರ್ತಿ ಮುಚ್ಚಿ. ಬ್ಲೂಟೂತ್ ಕೂಡ ಅದೇ ಡಬ್ಬಿಯಲ್ಲಿದ್ದರೆ ಕೆಳಭಾಗ ತೆರೆದಿರಲಿ, ಮೇಲಿನಿಂದ ಟೋಪಿಯಂತೆ ಹೊದಿಸಿ. ಅರ್ಧ ನಿಮಿಷದಲ್ಲಿ ಉಪಗ್ರಹಗಳ ಎಣಿಕೆ ಕುಸಿದು, ಚುಕ್ಕೆ ನಿಲ್ಲಬೇಕು ಅಥವಾ ದಿಕ್ಕೆಡಬೇಕು. ಏನೂ ಆಗದೆ ಚುಕ್ಕೆ ನೆಮ್ಮದಿಯಿಂದಿದ್ದರೆ ಅದು ಫೋನಿನದೇ. ಹಂತ 4ಕ್ಕೆ ಹಿಂತಿರುಗಿ.

ಹಾಳೆ ಇಲ್ಲದಿದ್ದರೆ ರಿಸೀವರನ್ನು ಒಂದು ಕಡೆ ಇಟ್ಟು ಫೋನ್ ಹಿಡಿದು ಎಂಟು ಹತ್ತು ಹೆಜ್ಜೆ ದೂರ ನಡೆಯಿರಿ. ಚುಕ್ಕೆ ರಿಸೀವರ್ ಇರುವಲ್ಲೇ ಉಳಿಯಬೇಕು.

ನಿಖರತೆಯನ್ನು ಉಪಗ್ರಹ ಚಿತ್ರದ ಮೇಲೆ ಚುಕ್ಕೆ ಎಲ್ಲಿ ಬಿತ್ತು ಎಂಬುದರಿಂದ ಅಳೆಯಬೇಡಿ. ಆ ಚಿತ್ರವೇ ಕೆಲವು ಮೀಟರ್ ಸರಿದಿರಬಹುದು. ನೆಲದಲ್ಲಿ ಒಂದು ಗುರುತು ಮಾಡಿ, ದಾಖಲಿಸಿ, ಒಂದು ಗಂಟೆ ಬಿಟ್ಟು ಮತ್ತೆ ಅಲ್ಲೇ ದಾಖಲಿಸಿ. ಎರಡರ ಅಂತರ ನಿಮ್ಮ ಸಾಧನದ ಸ್ಥಿರತೆಯನ್ನು ಹೇಳುತ್ತದೆ.

ಹಂತ 7: ಆರ್‌ಟಿಕೆ ಇದ್ದವರಿಗೆ

ತಿದ್ದುಪಡಿ ಇಂಟರ್‌ನೆಟ್‌ನಿಂದ ಫೋನಿಗೆ, ಫೋನಿನಿಂದ ಬ್ಲೂಟೂತ್ ಮೂಲಕ ರಿಸೀವರ್‌ಗೆ ಹೋಗುತ್ತದೆ. ಅದನ್ನು ಹೊತ್ತು ತರುವ ವಿಧಾನದ ಹೆಸರು ಎನ್‌ಟ್ರಿಪ್. ಸೇವೆ ಕೊಡುವವರಿಂದ ಐದು ವಿವರ ಪಡೆಯಿರಿ: ಸರ್ವರ್ ವಿಳಾಸ, ಪೋರ್ಟ್ ಸಂಖ್ಯೆ, ಮೌಂಟ್‌ಪಾಯಿಂಟ್, ಬಳಕೆದಾರ ಹೆಸರು, ಪಾಸ್‌ವರ್ಡ್. ಪೋರ್ಟ್ ಬಹುತೇಕ 2101 ಇರುತ್ತದೆ. ಮೌಂಟ್‌ಪಾಯಿಂಟ್ ಎಂದರೆ ಆ ಸರ್ವರ್‌ನಲ್ಲಿ ನಿಮಗೆ ಬೇಕಾದ, ತಿದ್ದುಪಡಿ ಕೊಡುವ ಕೇಂದ್ರದ ಹೆಸರು; ದೊಡ್ಡಕ್ಷರ ಸಣ್ಣಕ್ಷರ ವ್ಯತ್ಯಾಸವಾಗದಂತೆ ತುಂಬಿ. ಡೇಟಾ ಗಂಟೆಗೆ ಕೆಲವೇ ಎಂಬಿ ಖರ್ಚಾಗುತ್ತದೆ.

ಸರ್ವರ್ ಸಂಪರ್ಕ ಸಿಕ್ಕಿಯೂ ಬೈಟ್ ಎಣಿಕೆ ಸೊನ್ನೆಯಲ್ಲೇ ಇದ್ದರೆ, ನಿಮ್ಮ ಜಿಜಿಎ ಸಾಲನ್ನು ಸರ್ವರ್‌ಗೆ ಕಳಿಸುವ ಆಯ್ಕೆ ಆನ್ ಆಗಿದೆಯೇ ನೋಡಿ. ಹಲವು ಕೇಂದ್ರಗಳನ್ನು ಹೆಣೆದ ಜಾಲಗಳಿಗೆ ನೀವೆಲ್ಲಿದ್ದೀರಿ ಎಂದು ತಿಳಿಯದೆ ತಿದ್ದುಪಡಿ ತಯಾರಿಸಲಾಗದು. ಬೈಟ್‌ಗಳು ಬರುತ್ತಿದ್ದೂ ಗುಣಮಟ್ಟ 5ರಲ್ಲೇ ನಿಂತರೆ ಮರ, ಗೋಡೆಗಳಿಂದ ದೂರ ಸರಿಯಿರಿ, ಕೇಂದ್ರ ಎಷ್ಟು ದೂರವಿದೆ ನೋಡಿ. ಎಫ್9ಪಿಯ ನಿಖರತೆ 1 ಸೆಂ.ಮೀ. ಜೊತೆಗೆ ದೂರದ ಪ್ರತಿ ಕಿ.ಮೀ.ಗೆ 1 ಮಿ.ಮೀ. 4 ಕಾಣದೆ ಸೆಂಟಿಮೀಟರ್ ಕೆಲಸದ ಯಾವ ಬಿಂದುವನ್ನೂ ದಾಖಲಿಸಬೇಡಿ.

4 ಬಂದಮೇಲೂ ಒಂದು ಎಚ್ಚರ. ನಿಮಗೆ ಸಿಗುವ ಅಕ್ಷಾಂಶ ರೇಖಾಂಶ ಆ ಕೇಂದ್ರ ಬಳಸುವ ಉಲ್ಲೇಖ ಚೌಕಟ್ಟಿನಲ್ಲಿರುತ್ತವೆ, ಅಂದರೆ ಭೂಮಿಯ ಮೇಲೆ ಅವನ್ನು ಕೂರಿಸುವ ಲೆಕ್ಕದ ಪದ್ಧತಿಯಲ್ಲಿ. ಆ್ಯಪ್ ಅದನ್ನು ಜಿಪಿಎಸ್ ಬಳಸುವ ಚೌಕಟ್ಟಾದ ಡಬ್ಲ್ಯುಜಿಎಸ್ 84 ಎಂದೇ ಭಾವಿಸಬಹುದು. ಅಮೆರಿಕದ ಎನ್‌ಎಡಿ 83ಕ್ಕೂ ಡಬ್ಲ್ಯುಜಿಎಸ್ 84ಕ್ಕೂ 1ರಿಂದ 2 ಮೀಟರ್ ಅಂತರವಿದೆ. ಸೆಂಟಿಮೀಟರ್ ಸಾಧನ ಹಿಡಿದು ಮೀಟರ್‌ಗಟ್ಟಲೆ ತಪ್ಪುವುದು ಹೀಗೆಯೇ. ಸೇವೆಯವರನ್ನು ಚೌಕಟ್ಟು ಯಾವುದೆಂದು ಕೇಳಿ, ಯೋಜನೆಯಲ್ಲಿ ಅದನ್ನೇ ನಮೂದಿಸಿ.

ಹಂತ 8: ಎತ್ತರ

ಜಿಪಿಎಸ್ ಲೆಕ್ಕ ಹಾಕುವುದು ಭೂಮಿಯ ಆಕಾರಕ್ಕೆ ಹತ್ತಿರವಾದ ಗಣಿತದ ದೀರ್ಘಗೋಳದ ಮೇಲಿನ ಎತ್ತರವನ್ನು. ನಾವು ಬಳಸುವುದು ಸಮುದ್ರಮಟ್ಟದಿಂದ. ಇವೆರಡರ ಅಂತರ ಜಗತ್ತಿನ ಬೇರೆ ಬೇರೆ ಕಡೆ ಸುಮಾರು ಮೈನಸ್ 106ರಿಂದ ಪ್ಲಸ್ 85 ಮೀಟರ್‌ವರೆಗೆ ಬದಲಾಗುತ್ತದೆ. ಮೇಲಿನ ಸಾಲಿನ 43.60 ಇದೇ: ಸಮುದ್ರಮಟ್ಟದಿಂದ 118.30, ದೀರ್ಘಗೋಳದಿಂದ 161.90. ಜಿಜಿಎ ಮೊದಲನೆಯದನ್ನು ಕೊಡುತ್ತದೆ, ಆಂಡ್ರಾಯ್ಡ್‌ನ ಸಾಮಾನ್ಯ ಎತ್ತರ ಎರಡನೆಯದು. ನಿಮ್ಮ ಆ್ಯಪ್ ಯಾವುದನ್ನು ಬರೆಯುತ್ತಿದೆ ಎಂದು ಎತ್ತರ ಗೊತ್ತಿರುವ ಒಂದು ಗುರುತಿನ ಮೇಲೆ ನಿಂತು ನೋಡಿಬಿಡಿ.

ಕೋಲು ಬಳಸುವವರು ಆಂಟೆನಾ ಎತ್ತರವನ್ನು ಆ್ಯಪ್‌ನಲ್ಲಿ ತುಂಬಬೇಕು, ಇಲ್ಲದಿದ್ದರೆ ನೆಲ ಕೋಲಿನ ಎತ್ತರದಷ್ಟು ಮೇಲೆ ತೇಲುತ್ತದೆ. ರಿಸೀವರ್‌ನಲ್ಲೂ ಆ್ಯಪ್‌ನಲ್ಲೂ ತುಂಬಿದರೆ ಅದನ್ನು ಎರಡು ಸಲ ಕಳೆದಂತಾಗುತ್ತದೆ. ಒಂದೇ ಕಡೆ ತುಂಬಿ.

ಹಳೆಯ ರಿಸೀವರ್, ವಿಚಿತ್ರ ದಿನಾಂಕ

ಸ್ಥಾನ ಸರಿಯಿದ್ದು ದಿನಾಂಕ ಮಾತ್ರ ಹತ್ತೊಂಬತ್ತೂವರೆ ವರ್ಷ ಹಿಂದಿದ್ದರೆ, ಅದು ಜಿಪಿಎಸ್ ವಾರಗಳ ಎಣಿಕೆಯ ಸಮಸ್ಯೆ. 1024 ವಾರಕ್ಕೊಮ್ಮೆ ಎಣಿಕೆ ಸೊನ್ನೆಗೆ ಮರಳುತ್ತದೆ. ಕಳೆದ ಸಲ ಮರಳಿದ್ದು 2019ರ ಏಪ್ರಿಲ್ 6ರಂದು. ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟಿದ್ದರೆ ಹಾಕಿ. ಕೊಟ್ಟಿಲ್ಲದಿದ್ದರೆ ಆ್ಯಪ್‌ನಲ್ಲಿ ಸಮಯವನ್ನು ಫೋನಿನಿಂದ ತೆಗೆದುಕೊಳ್ಳುವ ಆಯ್ಕೆ ಹುಡುಕಿ.

ಕೆಲಸ ಮುಗಿದ ಮೇಲೆ

ಮಾಕ್ ಲೊಕೇಶನ್ ಬಳಸಿದ್ದರೆ ಮಧ್ಯವರ್ತಿ ಆ್ಯಪ್‌ನಲ್ಲಿ ಡಿಸ್‌ಕನೆಕ್ಟ್ ಒತ್ತಿಯೇ ರಿಸೀವರ್ ಆಫ್ ಮಾಡಿ. ಮೊದಲೇ ರಿಸೀವರ್ ಆಫ್ ಮಾಡಿದರೆ ಕೊನೆಯ ಸ್ಥಾನ ಫೋನಿನಲ್ಲಿ ಸಿಕ್ಕಿಹಾಕಿಕೊಂಡು, ನೀವು ಮನೆಗೆ ಬಂದರೂ ಚುಕ್ಕೆ ಹೊಲದಲ್ಲೇ ನಿಂತಿರಬಹುದು. ನಂತರ ಡೆವಲಪರ್ ಆಪ್ಷನ್ಸ್‌ನಲ್ಲಿ ಮಾಕ್ ಲೊಕೇಶನ್ ಆ್ಯಪ್ ಜಾಗದಲ್ಲಿ ಯಾವ ಆ್ಯಪ್ ಕೂಡ ಬೇಡ ಎಂಬ ಆಯ್ಕೆ ಆರಿಸಿ, "ಲೊಕೇಶನ್ ಅಕ್ಯುರಸಿ" ಮತ್ತೆ ಆನ್ ಮಾಡಿ. ಆಗಲೂ ಚುಕ್ಕೆ ಅಲುಗದಿದ್ದರೆ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.